ಹಿಂದಿನ ಸಾಲಿನ ಆಟಗಾರ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಎಲ್ಲರ ಬಾಯಲ್ಲಿ. ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಬ್ಯಾಕ್ ಆಟಗಾರನನ್ನು ಕೇಳುವವರು ವಿರಳ. ನಿಂತ ಜಾಗದಿಂದ ಮನುಷ್ಯನ ಬೆಲೆ ಕಟ್ಟುವುದು ಸರಿಯಲ್ಲವೆಂಬುದಕ್ಕೆ ಜಪಾನಿನ ಯೂಟೊ ನಾಗಟೊಮೊ ಒಳ್ಳೆಯ ನಿದರ್ಶನ.

1986ರಲ್ಲಿ ಎಹಿಮೆ ಪ್ರಾಂತದಲ್ಲಿ ಹುಟ್ಟಿದ ಈತನನ್ನು ತಾಯಿಯೊಬ್ಬರೇ ದುಡಿದು ಬೆಳೆಸಿದರು. ಎತ್ತರ 170 ಸೆಂಟಿಮೀಟರು ಮಾತ್ರ. ಮೇಜಿ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಬೆನ್ನುನೋವಿನಿಂದ ಮೈದಾನದ ಹೊರಗುಳಿದು, ಪ್ರೇಕ್ಷಕರ ನಡುವೆ ನಿಂತು ತನ್ನ ತಂಡಕ್ಕಾಗಿ ನಗಾರಿ ಬಾರಿಸಿದ. ಅದೇ ಹುಡುಗ 2008ರಲ್ಲಿ ಎಫ್.ಸಿ. ಟೋಕಿಯೋದ ವೃತ್ತಿಪರ ಆಟಗಾರನಾದ. 2010ರಲ್ಲಿ ಇಟಲಿಯ ಚೆಸೆನಾ, ಮರುವರ್ಷವೇ ಮಿಲಾನಿನ ಇಂಟರ್ ತಂಡ. ಮುಂದೆ ತುರ್ಕಿ, ಫ್ರಾನ್ಸುಗಳಲ್ಲೂ ಆಡಿ, 2021ರಲ್ಲಿ ಟೋಕಿಯೋಗೆ ಮರಳಿದ. 2010ರಿಂದ 2022ರವರೆಗಿನ ನಾಲ್ಕು ವಿಶ್ವಕಪ್ಪುಗಳಲ್ಲಿಯೂ ಆಡಿದ.

2011ರ ಏಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಆಸ್ಟ್ರೇಲಿಯದ ಮೇಲೆ ಗೆಲವಿನ ಗೋಲು ಹೊಡೆದವನು ತದನಾರಿ ಲೀ. ಆದರೆ ಎಡಬದಿಯಿಂದ ಚೆಂಡನ್ನು ಒದಗಿಸಿದವನು ನಾಗಟೊಮೊ!

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೊದಲ ವರ್ಷ ಇಂಗ್ಲಿಷ್ ಪಾಠ ತಿಳಿಯದೆ ಕೊನೆಯ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತಿದ್ದೆ. ಗುರುಗಳೊಬ್ಬರು ಅಲ್ಲಿಗೇ ಬಂದು ಹೆಸರು ಹಿಡಿದು ಕರೆಯದಿದ್ದರೆ ನಾನು ಊರಿಗೆ ಮರಳುತ್ತಿದ್ದೆ. ಆದುದರಿಂದ ನನ್ನ ಬಿನ್ನಹವಿಷ್ಟೆ: ಹಿಂದೆ ಕುಳಿತವರನ್ನು ದಡ್ಡರೆಂದು ಕೈಬಿಡಬೇಡಿ, ಗೆಳೆಯರೇ, ಹಿಂದೆ ಕುಳಿತ ಮಾತ್ರಕ್ಕೆ ಆಟ ಮುಗಿಯಿತೆಂದು ನೀವೂ ತಿಳಿಯಬೇಡಿ.