ಕರೆದಾಗ ಓಗೊಡುವವರು ಯಾರು?

ಮಾಯಕೊಂಡದಂತಹ ಊರಿನಲ್ಲಿ ಬಸಪ್ಪನೆಂಬ ಹೆಸರಿನವರು ಒಬ್ಬರೇ ಇರುವುದಿಲ್ಲ. ಹೊಸಬರು ಬಂದು ‘ಬಸಪ್ಪನವರ ಮನೆ ಯಾವುದು?’ ಎಂದರೆ, ‘ಯಾವ ಬಸಪ್ಪನವರು? ಯಾರ ಮಕ್ಕಳು? ಯಾವ ಓಣಿ?’ ಎಂದು ಊರವರು ಮರಳಿ ಕೇಳುವರು. ಗಣಕಯಂತ್ರಕ್ಕೆ ಈ ಮರುಪ್ರಶ್ನೆಯ ರೂಢಿಯಿಲ್ಲ. ಅದರ ಬಳಿ ಓಣಿಗಳದೊಂದು ಪಟ್ಟಿಯಿರುತ್ತದೆ. ಬರೆದ ಕ್ರಮದಲ್ಲಿಯೇ ಒಂದೊಂದು ಓಣಿಯನ್ನೂ ಹುಡುಕಿ, ಆ ಹೆಸರಿನ ತಂತ್ರಾಂಶವು ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಮುಂದಿನ ಓಣಿಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಈ ಪಟ್ಟಿಗೆ ‘ಪಾಥ್’ ಎಂದು ಹೆಸರು. ನಾವು ಇದನ್ನು ಹುಡುಕುದಾರಿ ಎಂದು ಕರೆಯೋಣ.

ಈ ಸಂಗತಿ ಗೃಹಸ್ಥರಿಗೇಕೆ ಎಂದು ಓದುಗ ಬಂಧುಗಳು ಕೇಳಬಹುದು. ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರಲ್ಲಿಯೂ ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿಯೂ ಆರಂಭಗೊಂಡು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ತಾಂತ್ರಿಕ ವಿದ್ಯೆಯ ಬಾಗಿಲು ತೆರೆದವು. ರಜೆಗೆ ಮನೆಗೆ ಬಂದ ವಿದ್ಯಾರ್ಥಿಯು ‘ಪೈಥಾನ್’ ಎಂಬ ಗಣಕಭಾಷೆಯ ತಂತ್ರಾಂಶವನ್ನು ಸ್ಥಾಪಿಸಿ, ಅದರ ಹೆಸರು ಬರೆದು ಕರೆಯುತ್ತಾನೆ. ‘ಇಂತಹ ಆಜ್ಞೆಯನ್ನು ಅರಿಯೆ’ ಎಂದು ಯಂತ್ರವು ಉತ್ತರಿಸುತ್ತದೆ. ಮಗನು ಈ ವಿದ್ಯೆ ತನಗೆ ಒಲಿಯದೆಂದು ಕುಗ್ಗುವನು. ತಂದೆಯು ಯಂತ್ರ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಹೊರುವರು. ಎರಡೂ ಅನಾವಶ್ಯಕ. ತಂತ್ರಾಂಶವು ಯಂತ್ರದೊಳಗೇ ಇದೆ. ಅದಿರುವ ಓಣಿ ಮಾತ್ರ ಪಟ್ಟಿಗೆ ಸೇರಿಲ್ಲ.

ಈ ಏರ್ಪಾಡು ಇಂದಿನದಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಯುನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿ 1979ರಲ್ಲಿ ಹೊರಬಂದಾಗಲೇ, ಅದರ ಬೋರ್ನ್ ಶೆಲ್‌ನಲ್ಲಿ ಬಳಕೆದಾರನು ತಾನೇ ತಿದ್ದಿಕೊಳ್ಳಬಹುದಾದ ಹುಡುಕುದಾರಿಯಿತ್ತು. ಯುನಿಕ್ಸ್ ಪರಂಪರೆಯ ಲಿನಕ್ಸ್‌ನಲ್ಲಿ ಓಣಿಗಳ ಹೆಸರುಗಳ ನಡುವೆ ಎರಡು ಚುಕ್ಕಿಯ ಕೋಲನ್ ಬರುತ್ತದೆ. ವಿಂಡೋಸ್‌ನಲ್ಲಿ ಸೆಮಿಕೋಲನ್ ಬರುತ್ತದೆ. ಒಂದು ಚಿಹ್ನೆ ತಪ್ಪಿದರೂ ಎರಡು ಓಣಿಗಳು ಕೂಡಿ ಇಲ್ಲದ ಮೂರನೆಯದಾಗುವುದುಂಟು.

ಓಣಿಯು ಪಟ್ಟಿಯಲ್ಲಿದ್ದರೆ ಸಾಲದು, ಕ್ರಮವೂ ಮುಖ್ಯ. 2019ರ ಮೇ ತಿಂಗಳ ವಿಂಡೋಸ್ 10 ನವೀಕರಣದಿಂದೀಚೆಗೆ, ಪೈಥಾನ್ ಸ್ಥಾಪಿಸದ ಯಂತ್ರದಲ್ಲಿ ಆ ಹೆಸರು ಬರೆದರೆ ಮೈಕ್ರೋಸಾಫ್ಟ್‌ನ ಆ್ಯಪ್ ಅಂಗಡಿ ತೆರೆದುಕೊಳ್ಳುತ್ತದೆ. ಅದೇ ಹೆಸರಿನ ಪುಟ್ಟ ಕಡತವೊಂದನ್ನು ಹುಡುಕುದಾರಿಯ ಒಂದು ಓಣಿಯಲ್ಲಿ ಮೊದಲೇ ಇರಿಸಲಾಗಿದೆ. ಸ್ಥಾಪಿಸಿದ ಪೈಥಾನ್‌ನ ಓಣಿಯು ಅದಕ್ಕಿಂತ ಹಿಂದೆ ಉಳಿದರೆ, ಆಗಲೂ ಓಗೊಡುವುದು ಆ ಪುಟ್ಟ ಕಡತವೇ.

ಇದು ಕೆಡುಕಿಲ್ಲದ ಉದಾಹರಣೆ. ಕೆಡುಕಿನದೂ ಉಂಟು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಹುಡುಕುದಾರಿಗಿಂತ ಮೊದಲು, ನಾವು ಆಗ ನಿಂತಿರುವ ಫೋಲ್ಡರನ್ನೇ ನೋಡುವುದು ವಾಡಿಕೆ. ಅಂತರಜಾಲದಿಂದ ಇಳಿಸಿಕೊಂಡ ಕಡತಗಳ ನಡುವೆ ನಿಜವಾದ ತಂತ್ರಾಂಶದ ಹೆಸರು ಹೊತ್ತ ದುಷ್ಟ ತಂತ್ರಾಂಶವೊಂದು ಅಡಗಿದ್ದರೆ, ಅಲ್ಲಿಯೇ ನಿಂತು ಹೆಸರು ಕರೆದಾಗ ಏಳುವುದು ಅದೇ. ಲಿನಕ್ಸ್‌ನಲ್ಲಿ ನಿಂತ ನೆಲೆಯನ್ನು ಸಾಮಾನ್ಯವಾಗಿ ಪಟ್ಟಿಗೆ ಸೇರಿಸುವುದಿಲ್ಲ. ಅಲ್ಲಿನ ತಂತ್ರಾಂಶ ಬೇಕಾದರೆ ಹೆಸರಿನ ಹಿಂದೆ ಚುಕ್ಕಿಯನ್ನೂ ಓರೆಗೆರೆಯನ್ನೂ ಬರೆದು, ‘ಇಲ್ಲಿರುವುದೇ ಬೇಕು’ ಎಂದು ಸ್ಪಷ್ಟಪಡಿಸಬೇಕು. ತುಸು ಶ್ರಮವೆನಿಸಿದರೂ ಇದು ಕ್ಷೇಮಕರ.

ಆದುದರಿಂದ ಮನೆಯ ಮಕ್ಕಳಿಗೆ ನಾವು ಹೇಳುವುದಿಷ್ಟು. ಕರೆದ ತಂತ್ರಾಂಶ ಬಾರದಿದ್ದರೆ ಎದೆಗುಂದದೆ ಮೊದಲು ಹುಡುಕುದಾರಿಯನ್ನು ಓದಿರಿ. ಅದನ್ನು ತಿದ್ದಿದ ಬಳಿಕ ಕಮಾಂಡ್ ಪ್ರಾಂಪ್ಟ್‌ನ ಹಳೆಯ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಿರಿ. ಹಳೆಯ ಕಿಟಕಿಯು ಹಳೆಯ ಪಟ್ಟಿಯನ್ನೇ ಹಿಡಿದಿರುತ್ತದೆ. ಬಂದದ್ದು ಯಾವುದೆಂಬ ಸಂಶಯವಿದ್ದರೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್’ ಎಂಬ ಆಜ್ಞೆಯಿಂದಲೂ ಲಿನಕ್ಸ್‌ನಲ್ಲಿ ‘ವಿಚ್’ ಎಂಬ ಆಜ್ಞೆಯಿಂದಲೂ ಅದರ ವಿಳಾಸ ಕೇಳಿರಿ. ಅಪರಿಚಿತ ತಂತ್ರಾಂಶದ ಓಣಿಯನ್ನು ಪಟ್ಟಿಯ ತಲೆಗೆ ಏರಿಸದಿರಿ.

ಯಾರನ್ನು ಮೊದಲು ಕೇಳಬೇಕೆಂಬ ಕ್ರಮದಲ್ಲಿಯೇ ಯಾರನ್ನು ನಂಬುತ್ತೇವೆಂಬುದೂ ಅಡಗಿದೆ. ಯಂತ್ರವು ಕ್ರಮವನ್ನಷ್ಟೇ ಬಲ್ಲದು. ನಂಬಿಕೆಗೆ ಯೋಗ್ಯರಾರೆಂಬ ವಿವೇಕ ನಮ್ಮದೇ ಆಗಿರಬೇಕು.