ಕರೆಂಟು ಹೋದಾಗ ಶುರುವಾಗುವ ಪಾಠ

ಸೊರಬ ತಾಲ್ಲೂಕಿನ ಹೊಸಬಾಳೆಯಂಥ ಊರಿನ ಹುಡುಗಿಯೊಬ್ಬಳು ಎಂಜಿನಿಯರಿಂಗ್ ಮುಗಿಸಿ ಎಂಬೆಡೆಡ್ ಲಿನಕ್ಸ್ (ಉಪಕರಣಗಳೊಳಗೆ ಓಡುವ ಲಿನಕ್ಸ್) ಕೆಲಸ ಹುಡುಕಿದರೆ ಮೊದಲು ಅಡ್ಡ ಬರುವುದು ಒಂದೇ ಸಾಲು: ಎರಡು ವರ್ಷದ ಅನುಭವ ಬೇಕು. ಕೆಲಸವನ್ನೇ ಕೊಡದೆ ಅನುಭವ ಕೇಳುವುದು ಅನ್ಯಾಯ. ಆದರೆ ಈ ಕಸುಬಿನ ಅನುಭವವನ್ನು ಮನೆಯ ಜಗಲಿಯಲ್ಲೇ ಸಂಪಾದಿಸಬಹುದು.

ಮಲೆನಾಡಿನ ಎಷ್ಟೋ ಕೃಷಿಕರು ದಿನದ ಮಳೆ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ಆ ಕೆಲಸವನ್ನು ಅವಳು ಒಂದು ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಒಪ್ಪಿಸಲಿ. ಮಳೆಮಾಪಕದ ಪುಟ್ಟ ಬಟ್ಟಲು ತುಂಬಿ ಮಗುಚಿದಾಗಲೆಲ್ಲ ಒಂದು ಸ್ವಿಚ್ಚು ಮುಚ್ಚಿ ತೆರೆಯುತ್ತದೆ. ಬೋರ್ಡಿನ ಪಿನ್ನೊಂದು ಅದನ್ನು ಎಣಿಸಬೇಕು. ಯಾವ ಪಿನ್ನಿನಲ್ಲಿ ಏನಿದೆಯೆಂದು ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ತಿಳಿಸಲು ಡಿವೈಸ್ ಟ್ರೀ ಎಂಬ ವಿವರಪಟ್ಟಿ ಬರೆಯಬೇಕು. ಸ್ವಿಚ್ಚು ಒಮ್ಮೆ ಮುಚ್ಚುವಾಗ ಹಲವು ಸಲ ಅದುರುವುದರಿಂದ ಬಟ್ಟಲು ಒಮ್ಮೆ ಮಗುಚಿದ್ದು ಮೂರಾಗಿ ಲೆಕ್ಕಕ್ಕೆ ಬರಬಹುದು. ಅದನ್ನೂ ಸರಿಪಡಿಸಬೇಕು.

ಅಷ್ಟರಲ್ಲಿ ಜುಲೈ ಗಾಳಿಗೆ ಕರೆಂಟು ಹೋಗುತ್ತದೆ.

ಎಸ್‌ಡಿ ಕಾರ್ಡಿಗೆ ಬರೆಯುತ್ತಿರುವಾಗಲೇ ಹೋದರೆ ಫೈಲುಗಳು ಕೆಟ್ಟು, ಯಂತ್ರ ಮತ್ತೆ ಏಳದೇ ಹೋಗಬಹುದು. ಆಗ ಮೂಲ ವ್ಯವಸ್ಥೆಯನ್ನು ಓದಲಷ್ಟೇ ಬರುವಂತೆ ಇಟ್ಟು, ಅಳತೆಗಳಿಗೆ ಬೇರೆ ಪಾರ್ಟಿಶನ್ ಮಾಡುವುದನ್ನು ಕಲಿಯುತ್ತಾಳೆ. ಹಳೆಯ ಪೈಗಳಲ್ಲಿ ಬ್ಯಾಟರಿ ಗಡಿಯಾರವಿಲ್ಲ; ನೆಟ್‌ವರ್ಕ್ ಸಿಗದಿದ್ದರೆ ಇವತ್ತಿನ ಮಳೆ ತಪ್ಪು ತಾರೀಖಿಗೆ ಸೇರುತ್ತದೆ. ಯಂತ್ರ ಸ್ತಬ್ಧವಾದರೆ ತಾನಾಗಿ ಎಬ್ಬಿಸಲು ವಾಚ್‌ಡಾಗ್ ಬೇಕು. ಕಂಪನಿಗಳು ಅನುಭವವೆಂದು ಕೇಳುವುದು ಇದನ್ನೇ. ಎಸಿ ಕೋಣೆಯ ತರಬೇತಿಯಲ್ಲಿ ಈ ಪಾಠ ಸಿಗುವುದು ಕಷ್ಟ.

ಬೋರ್ಡಿಗೆ ಹಣವಿಲ್ಲದವರು ಕ್ಯೂಎಮು ಎಂಬ ಉಚಿತ ತಂತ್ರಾಂಶದಲ್ಲಿ ಲ್ಯಾಪ್‌ಟಾಪಿನೊಳಗೇ ಆರ್ಮ್ ಪ್ರೊಸೆಸರ್‌ನ ಯಂತ್ರವನ್ನು ಎಬ್ಬಿಸಿ, ಅದಕ್ಕೆ ಬೇಕಾದ ಲಿನಕ್ಸನ್ನು ಕಟ್ಟಿಕೊಡುವ ಬಿಲ್ಡ್‌ರೂಟ್ ಕಲಿಯಬಹುದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮುಂತಾದವರು ಎನ್‌ಕೋರ್ ಕಂಪನಿಯವರೊಂದಿಗೆ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್‌ನಲ್ಲಿ ಓಡುತ್ತಿದ್ದುದು ಲಿನಕ್ಸೇ. ಬಿಇಎಲ್ ತಯಾರಿಸಿದ ಅದರ ಅಮಿಡಾ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು, ಮಾರಾಟ ಮಾತ್ರ ಕುದುರಲಿಲ್ಲ. ಹಳ್ಳಿಗೆಂದು ಬೆಂಗಳೂರು ಅಂದು ಮಾಡಿದ್ದನ್ನು ಇಂದು ಹಳ್ಳಿಯವರೇ ಮಾಡಿಕೊಳ್ಳುವಷ್ಟು ಸಾಮಗ್ರಿ ಕೈಗೆಟುಕಿದೆ.

ಸೊರಬದ ಗುಡಿಗಾರರಲ್ಲಿ ಗಂಧದ ಪೆಟ್ಟಿಗೆ ಕೊಳ್ಳುವವರು ಉಳಿಯ ಗೆರೆ ನೋಡುತ್ತಾರೆ, ಸರ್ಟಿಫಿಕೇಟ್ ಕೇಳುವುದಿಲ್ಲ. ಸಂದರ್ಶಕರೂ ಈ ಹುಡುಗಿಯ ಕೋಡ್ ತೆರೆದು ಓದಲಿ. ಕರ್ನೆಲ್‌ನ ದೋಷವೊಂದನ್ನು ತಿದ್ದಿ ಅವಳು ಪ್ಯಾಚ್ ಕಳಿಸಿ ಅದು ಸ್ವೀಕೃತವಾಗಿದ್ದರೆ, ದಿನಾಂಕದ ಸಮೇತ ಅವಳ ಹೆಸರು ಕರ್ನೆಲ್‌ನ ದಾಖಲೆಯಲ್ಲಿರುತ್ತದೆ. ಮಳೆಗಾಲ ಮುಗಿದ ಮೇಲೆ ಯಂತ್ರದ ಮಳೆ ಲೆಕ್ಕವನ್ನು ಅಪ್ಪ ಬರೆದ ಮಳೆ ಡೈರಿಯೊಂದಿಗೆ ತಾಳೆ ಹಾಕಿ, ವ್ಯತ್ಯಾಸ ಎಲ್ಲಿ ಬಂತೆಂದು ಅವಳು ವಿವರಿಸಬಲ್ಲಳೇ ಎಂದು ಕೇಳಲಿ.