ಹರಕೆಯ ಮೇಕೆಯನ್ನು ದ್ವೀಪದಲ್ಲಿ ಬಿಡಬೇಡಿ

ಮೇಕೆ ಮೇಯುವುದನ್ನು ನೋಡುತ್ತ ಬೆಳೆದವಳು ನಾನು. ನಮ್ಮ ಗುಡಿಬಂಡೆ ಸುತ್ತಿನ ಗುಡ್ಡಗಳಲ್ಲಿ ಕುರಿ ತಲೆ ತಗ್ಗಿಸಿ ಹುಲ್ಲು ಹುಡುಕಿದರೆ, ಮೇಕೆ ಹಿಂಗಾಲ ಮೇಲೆ ನಿಂತು ಜಾಲಿಯ ಕುಡಿಗೇ ಬಾಯಿ ಹಾಕುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನೋದು ನಮ್ಮ ಮನೆಯಲ್ಲಿ ದಿನಾ ನಡೆಯುವ ಜಗಳ. ಬೆಳಿಗ್ಗೆ ನುಗ್ಗೆ ಸಸಿ ನೆಟ್ಟರೆ ಸಂಜೆಯೊಳಗೆ ಮುಳ್ಳಿನ ಬೇಲಿ ಕಟ್ಟಬೇಕು.

ಅದಕ್ಕೇ ಇರಬೇಕು, ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಯ ಹತ್ತಿರ ಹೋದಾಗ ಜೊತೆಯವರೆಲ್ಲ ಬಗ್ಗಿ ಹವಳ, ಬಣ್ಣದ ಮೀನು ನೋಡುತ್ತಿದ್ದರೆ, ನಾನು ಕತ್ತೆತ್ತಿ ಬಂಡೆಯ ಮೇಲಿನ ಮೇಕೆಗಳನ್ನು ನೋಡುತ್ತಿದ್ದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪಕ್ಕೆ ಅವು ಈಜಿಕೊಂಡು ಬಂದವಲ್ಲ. ಮೀನುಗಾರರು ಅಲ್ಲಿನ ಜಟ್ಟಿಗ ದೇವರಿಗೆ ಹರಕೆ ಹೊತ್ತು ಜೀವಂತ ಬಿಟ್ಟುಬಂದ ಮೇಕೆಗಳ ಸಂತಾನ. ಕಡಲಿಗೆ ಇಳಿಯುವವರ ಭಯಭಕ್ತಿಯನ್ನು ಒಣನೆಲದವಳು ಅಳೆಯಲು ಹೋಗಬಾರದು, ಸರಿ. ಆದರೆ ಮೇಕೆಯ ವಿಷಯ ಬಂದರೆ ನನಗೂ ಒಂದು ಮಾತಿದೆ: ಕಾಯುವವರಿಲ್ಲದ ಕಡೆ ಅದನ್ನು ಬಿಡಬಾರದು.

ಹಾಯಿ ಹಡಗಿನವರು ನೂರಾರು ವರ್ಷ ಇದೇ ಕೆಲಸ ಮಾಡಿದರು, ಹೊಟ್ಟೆಪಾಡಿಗೆ. ತಿಂಗಳುಗಟ್ಟಲೆ ಪಯಣದ ನಡುವೆ ನೀರು ತುಂಬಿಕೊಳ್ಳಲು ನಿಂತ ದ್ವೀಪದಲ್ಲಿ ಒಂದಿಷ್ಟು ಮೇಕೆ ಬಿಟ್ಟರೆ, ಮುಂದೆ ಬರುವ ಹಡಗಿಗೆ ಹಸಿ ಮಾಂಸ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾಕ್ಕೆ ಪೋರ್ಚುಗೀಸರು 16ನೇ ಶತಮಾನದಲ್ಲೇ ಹೀಗೆ ಮೇಕೆ ತಂದರು. 1836ರಲ್ಲಿ ಬೀಗಲ್ ಹಡಗು ಇಂಗ್ಲೆಂಡಿಗೆ ಮರಳುವಾಗ ಅಲ್ಲಿ ತಂಗಿತು. ಅದರಲ್ಲಿದ್ದ ಚಾರ್ಲ್ಸ್ ಡಾರ್ವಿನ್ ಗುಡ್ಡಗಳನ್ನು ಸುತ್ತಿ, ಕಾಡು ಹೇಗೆ ಬೋಳಾಯಿತೆಂದು ಬರೆದಿಟ್ಟ. ಹಳೆಯ ಮರಗಳು ಮುಪ್ಪಾಗಿ ಬಿದ್ದವು. ಅವುಗಳ ಜಾಗಕ್ಕೆ ಬರಬೇಕಿದ್ದ ಸಸಿಗಳನ್ನು ಮೇಕೆ, ಹಂದಿಗಳು ತಿಂದು ಮುಗಿಸಿದ್ದವು. ದೊಡ್ಡ ಮರ ನಿಂತಿರುವವರೆಗೆ ನೋಡುವವರಿಗೆ ಕಾಡು ಚೆನ್ನಾಗೇ ಇದೆ ಅನಿಸುತ್ತದೆ, ಅದೇ ಮೋಸ.

ಗಲಾಪಗೋಸ್‌ನ ಪಿಂಟಾ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬಿಟ್ಟದ್ದು ಮೂರೇ ಮೇಕೆ. ಹತ್ತು ಹದಿನೈದು ವರ್ಷದಲ್ಲಿ ಅವು ಸಾವಿರಾರಾದವು. 1997ರಿಂದ 2006ರವರೆಗೆ ಅದೇ ದ್ವೀಪಸಮೂಹದ ಇಸಬೆಲಾ ಮತ್ತಿತರ ಕಡೆ, ಹೆಲಿಕಾಪ್ಟರಿನಿಂದಲೂ ಗುಂಡು ಹಾರಿಸಿ, ಒಂದು ಲಕ್ಷಕ್ಕೂ ಹೆಚ್ಚು ಮೇಕೆಗಳನ್ನು ಕೊಂದರು. ಓದಿದ ದಿನ ನನಗೆ ಊಟ ಸೇರಲಿಲ್ಲ. ಬಿಟ್ಟವರ ತಪ್ಪಿಗೆ ಸತ್ತದ್ದು ಮೇಕೆ.

ನೇತ್ರಾಣಿ ಅಷ್ಟು ದೊಡ್ಡದಲ್ಲ. ಪುಟ್ಟದಾದ್ದರಿಂದಲೇ ನನಗೆ ಹೆದರಿಕೆ. ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುವುದು ಅಲ್ಲಿನ ಎತ್ತರದ ಮರಗಳಲ್ಲಿ. ಗುಹೆಗಳಲ್ಲಿ ಜೊಲ್ಲಿನಿಂದ ಗೂಡು ಅಂಟಿಸುವ ಪುಟ್ಟ ಹಕ್ಕಿಗಳಿವೆ. ಮುಂದೆ ಕಾಂಗ್ರೆಸ್ ಕಟ್ಟಿದ ಎ.ಒ. ಹ್ಯೂಮ್, 1875ರಲ್ಲಿ ಲಕ್ಷದ್ವೀಪದ ಕಡೆ ಹಡಗಿನಲ್ಲಿ ಹೋದಾಗ ಹಕ್ಕಿಗಳಿಗಾಗಿಯೇ ಇಲ್ಲಿಗೂ ಬಂದಿದ್ದ. ಮೇಕೆ ಹದ್ದಿನ ಗೂಡಿಗೆ ಬಾಯಿ ಹಾಕುವುದಿಲ್ಲ, ನಿಜ. ಇನ್ನು ಐವತ್ತು ವರ್ಷಕ್ಕೆ ಹದ್ದು ಗೂಡು ಕಟ್ಟಬೇಕಾದ ಮರ ಇವತ್ತು ಮೊಳಕಾಲೆತ್ತರದ ಸಸಿ.

ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಈ ದ್ವೀಪವೇ ಗುರಿಯಾಗಿತ್ತು, ಅದರ ಮುಂದೆ ಮೇಕೆ ಯಾವ ಲೆಕ್ಕ ಎನ್ನುವವರಿದ್ದಾರೆ. ಗುಂಡೂ ಬೇಡ, ಹವಳದ ಮೇಲೆ ಬೀಳುವ ಪ್ರವಾಸಿ ದೋಣಿಗಳ ಲಂಗರೂ ಬೇಡ. ಹಾಗೆಂದು ಮೇಕೆಯ ಮಾತು ಮುಂದೂಡಬೇಕಿಲ್ಲ, ಇದು ಸರ್ಕಾರದ ಅಪ್ಪಣೆಗೆ ಕಾಯದೆ ನಾವೇ ನಿಲ್ಲಿಸಬಹುದಾದದ್ದು. ನಮ್ಮ ಕಡೆಯೂ ದೇವರಿಗೆ ಹೋತ ಬಿಡುತ್ತಾರೆ. ಅದು ಊರಲ್ಲೇ ತಿರುಗುತ್ತದೆ, ಬೆಳೆಗೆ ನುಗ್ಗಿದರೆ ಓಡಿಸುವವರು, ಬಾಯಾರಿದರೆ ನೀರಿಡುವವರು ಇರುತ್ತಾರೆ. ಜಟ್ಟಿಗನ ಮುಂದೆ ಹರಕೆ ಒಪ್ಪಿಸಿ, ಮೇಕೆಯನ್ನು ಅದೇ ದೋಣಿಯಲ್ಲಿ ಹಿಂದಕ್ಕೆ ತರಲಿ. ಹರಕೆ ಹೊತ್ತವರೇ ಸಾಕಿಕೊಳ್ಳಲಿ.

ಈಗಾಗಲೇ ಇರುವವುಗಳನ್ನು ಕೊಲ್ಲಬೇಕಿಲ್ಲ, ಹಿಡಿದು ತರಬಹುದು. ದಡ ಹತ್ತುವ ದಾರಿ ಮೀನುಗಾರರಿಗೆ ಗೊತ್ತು, ಹೋತದ ಕಾಲಿಗೆ ಕೈ ಹಾಕುವುದು ನಮ್ಮ ಕುರಿಗಾಹಿಗಳಿಗೆ ಗೊತ್ತು. ಅರಣ್ಯ ಇಲಾಖೆ ಇವರಿಬ್ಬರನ್ನೂ ಕೂರಿಸಿ ಮಾತಾಡಲಿ. ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಸೊಪ್ಪು ಒಣಗಿ ಮೇಕೆ ಮೇವಿನ ಆಸೆಗೆ ಹತ್ತಿರ ಬರುವ ಏಪ್ರಿಲ್ ತಿಂಗಳು ಈ ಕೆಲಸಕ್ಕೆ ಒಳ್ಳೆಯದು.